ನೆಲಗಿವಿ

ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ವಿಂಗಡಣೆ ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿತ್ತು. ಒಂದು ಇಪ್ಪತ್ತಕ್ಕೆ ಒಳಗೆ ಬೆಂಕಿ ಹತ್ತಿತು. ಒಳಗೆ ಕೊಟ್ರಮ್ಮ, ಶಾಹಿದಾ, ತಿಪ್ಪೇಶ, ಮಲ್ಲಮ್ಮ ಇದ್ದರು. ನಾಲ್ವರೂ ಸತ್ತರು.

ಮರುದಿನ ಡಾ. ಇಂದುಮತಿ ಕೆರೂರ ಆ ಬಾಗಿಲ ಮುಂದೆ ಮೊಣಕಾಲೂರಿ ಕೂತರು. ಸಿಮೆಂಟ್ ನೆಲದ ಅಂಚಿನಲ್ಲಿದ್ದ ಸಣ್ಣ ಮುಚ್ಚಳ ತೆಗೆದು, ಒಳಗಿನ ಎಳೆಗೆ ತಮ್ಮ ಯಂತ್ರದ ಕೊಂಡಿ ಸಿಕ್ಕಿಸಿದರು. ಪರದೆಯ ಮೇಲೆ ಅಂಗಳದ ನಕ್ಷೆ ಮೂಡಿತು. ಅದರ ಮೇಲೆ ಹೆಜ್ಜೆಗಳು ಬಂದವು. ಮನುಷ್ಯರಿಲ್ಲ, ಬರೀ ಹೆಜ್ಜೆಗಳು. ಮಳೆಹನಿ ಬಿದ್ದಂತೆ ಒಂದೊಂದೇ ಮೂಡಿ ಆರಿಹೋಗುತ್ತಿದ್ದವು.

"ನೋಡಿ," ಎಂದರು ಅವರು, ಪಕ್ಕದಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ದುಗ್ಗೇಶನಿಗೆ. "ಒಂದು ಹನ್ನೊಂದಕ್ಕೆ ಒಬ್ಬರು ಬಾಗಿಲ ತನಕ ಬಂದಿದಾರೆ. ಒಂಬತ್ತು ಸೆಕೆಂಡ್ ನಿಂತಿದಾರೆ. ವಾಪಸ್ ಹೋಗಿದಾರೆ. ಅದಾದ ಮೇಲೆ ಬೆಂಕಿ ಹತ್ತೋ ತನಕ ಈ ಕಡೆ ಯಾರೂ ಸುಳಿದಿಲ್ಲ."

ಡಾ. ಕೆರೂರರ ಸಂಸ್ಥೆ ಕಟ್ಟಿದ ಈ ಯಂತ್ರಕ್ಕೆ ನೆಲಗಿವಿ ಎಂದು ಹೆಸರಿಟ್ಟವರು ಪತ್ರಿಕೆಯವರು. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ನೆಲದೊಳಗೆ ಹೂತು ಅದರಲ್ಲಿ ಬೆಳಕು ಹರಿಸುತ್ತಾರೆ. ಮೇಲೆ ಕಾಲು ಬಿದ್ದಲ್ಲಿ ಎಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬೆಳಕು ಅಷ್ಟೇ ತಡವರಿಸುತ್ತದೆ. ಆ ತಡವರಿಕೆಯನ್ನು ಓದಿ ಯಂತ್ರ ನಡೆದವರ ತೂಕ, ಹಿಮ್ಮಡಿಯ ಬೀಸು, ಮೈಯ ಏರಿಳಿತ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ತೂಕವನ್ನು ಬದಿಗಿಟ್ಟು, ಉಳಿದುದರಿಂದ ಪ್ರತಿ ನಡಿಗೆಗೆ ಒಂದು ಸಂಖ್ಯೆ ಕೊಡುತ್ತದೆ. ತೂಕ ಬದಲಾಗುತ್ತದೆ, ನಡಿಗೆ ಬದಲಾಗುವುದಿಲ್ಲ, ಇಬ್ಬರಿಗೆ ಒಂದೇ ಸಂಖ್ಯೆ ಬರುವುದಿಲ್ಲ ಎಂಬುದು ಅದರ ತಳಹದಿ. ೨೦೪೯ರ ಕಾಯಿದೆಯಂತೆ ಕಾರ್ಖಾನೆ, ನಿಲ್ದಾಣ, ಹಾಸ್ಟೆಲುಗಳ ನೆಲಕ್ಕೆಲ್ಲ ಅದನ್ನು ಹಾಸಿದರು. ಅಪರಾಧವಾದಾಗ ಮಾತ್ರ ಆ ಜಾಗದ, ಆ ಗಳಿಗೆಯ ಹೆಜ್ಜೆಗಳನ್ನು ತೆಗೆದು ಓದುತ್ತಿದ್ದರು. ಎಂಟು ವರ್ಷಗಳಲ್ಲಿ ಅದರ ಮಾತಿನ ಮೇಲೆ ಆರುನೂರು ಜನ ಜೈಲಿಗೆ ಹೋಗಿದ್ದರು. ಒಬ್ಬನೂ ಮೇಲ್ಮನವಿಯಲ್ಲಿ ಗೆದ್ದಿರಲಿಲ್ಲ.

ದಾವಣಗೆರೆಯ ಹೊರಗೆ, ಹಳೆಯ ಹತ್ತಿ ಗಿರಣಿಯ ಜಾಗದಲ್ಲಿದ್ದ ಆ ಅಂಗಳದಲ್ಲಿ ಬ್ಯಾಟರಿ ಒಡೆಯುತ್ತಿದ್ದರು. ಓಡಿ ಓಡಿ ಸತ್ತ ಕಾರುಗಳ ಬ್ಯಾಟರಿಗಳು ಲಾರಿಗಟ್ಟಲೆ ಬರುತ್ತಿದ್ದವು. ಅವುಗಳೊಳಗಿನ ಸೆಲ್ಲುಗಳನ್ನು ಬಿಡಿಸಿ ಟ್ರೇಯಲ್ಲಿ ಜೋಡಿಸಿ ಹೆಂಗಸರು ತಲೆಯ ಮೇಲೆ ಹೊತ್ತು ವಿಂಗಡಣೆ ಕೋಣೆಗೆ ಸಾಗಿಸುತ್ತಿದ್ದರು. ಸತ್ತ ಸೆಲ್ಲಿನಲ್ಲೂ ಒಂದಿಷ್ಟು ಜೀವ ಉಳಿದಿರುತ್ತದೆ. ಟ್ರೇ ಅಲುಗಿ ಒಂದಕ್ಕೊಂದು ತಗುಲಿದರೆ ತಲೆಯ ಮೇಲೆಯೇ ಬೆಂಕಿ. ಯಂತ್ರ ಹಾಕಬಹುದಿತ್ತು. ಹೆಂಗಸರ ತಲೆ ಅಗ್ಗವಾಗಿತ್ತು.

ದುಗ್ಗೇಶ ಪರದೆಯನ್ನೇ ನೋಡುತ್ತಿದ್ದ. ಆ ಹೆಜ್ಜೆ ಹಿಮ್ಮಡಿಯಿಂದ ಶುರುವಾಗುತ್ತಿರಲಿಲ್ಲ. ಪಾದದ ಹೊರ ಅಂಚು ಮೊದಲು, ಆಮೇಲೆ ಬೆರಳು. ಮೈಯ ಏರಿಳಿತ ಸೊನ್ನೆ.

ಅವನಿಗೆ ಆ ನಡಿಗೆ ಗೊತ್ತಿತ್ತು. ಹನ್ನೆರಡು ವರ್ಷಗಳಿಂದ ಅವನ ಮನೆಯ ಅಡುಗೆಕೋಣೆಯಿಂದ ಪಡಸಾಲೆಗೆ ಚಹಾ ತರುತ್ತಿದ್ದದ್ದು ಅದೇ ನಡಿಗೆ.

ಅವನ ಹೆಂಡತಿ ತ್ರಿವೇಣಿ ಮದುವೆಗೆ ಮೊದಲೂ, ಮದುವೆಯಾಗಿ ಏಳು ವರ್ಷವೂ ಅದೇ ಅಂಗಳದಲ್ಲಿ ಟ್ರೇ ಹೊತ್ತವಳು. ಅವನು ಇನ್‌ಸ್ಪೆಕ್ಟರ್ ಆದ ವರ್ಷ, ಇನ್ನು ಸಾಕು ಎಂದು ಬಿಡಿಸಿದ್ದ. ಸ್ಟೇಷನ್ನಿನಲ್ಲಿ ಯಾರೋ ಟ್ರೇ ಸಾಹೇಬ್ರು ಎಂದು ಕರೆದದ್ದು ಅವನ ಕಿವಿಗೆ ಬಿದ್ದಿತ್ತು. ಅದಕ್ಕೇ ಬಿಡಿಸಿದ್ದೆಂದು ಅವನು ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಅಂದು ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ನಿಂತು ಅವಳ ಚಪ್ಪಲಿ ಎತ್ತಿ ನೋಡಿದ. ಹೊಲಿಗೆಯ ಸಂದಿಯಲ್ಲಿ ಬೂದುಬಣ್ಣದ ಪುಡಿ ಇತ್ತು. ಬೆರಳಿನಲ್ಲಿ ಉಜ್ಜಿದ. ಸೀಸದ ಪೆನ್ಸಿಲ್ಲಿನ ಪುಡಿಯಂತೆ ಜಾರಿತು. ಇಡೀ ಊರಿನಲ್ಲಿ ಅಂಥ ಪುಡಿ ಇರುವುದು ಒಂದೇ ಕಡೆ.

ಊಟಕ್ಕೆ ಕೂತಾಗ, ನಿನ್ನೆ ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ ಎಂದು ಸಹಜವಾಗಿ ಕೇಳುವವನಂತೆ ಕೇಳಿದ. ರೇಷನ್ ಅಂಗಡಿಗೆ ಎಂದಳು. ಅವನು ಮತ್ತೆ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ರೇಷನ್ ಅಂಗಡಿಯವನನ್ನು ವಿಚಾರಿಸಿದ. ಶುಕ್ರವಾರ ಅಂಗಡಿ ತೆಗೆದೇ ಇರಲಿಲ್ಲ.

ಪೊಲೀಸನ ತಲೆ ಒಂದು ಸುಳ್ಳು ಸಿಕ್ಕಿದರೆ ಸುಮ್ಮನಿರುವುದಿಲ್ಲ, ಕಾರಣ ಹುಡುಕುತ್ತದೆ. ಸತ್ತ ಕೊಟ್ರಮ್ಮನಿಗೂ ತ್ರಿವೇಣಿಗೂ ತಿಂಗಳ ಹಿಂದೆ ನಲ್ಲಿಯ ಸರದಿಗಾಗಿ ಜಗಳವಾಗಿತ್ತು. ಇನ್‌ಸ್ಪೆಕ್ಟರ್ ಹೆಂಡ್ತಿ ಅಂತ ಕೊಡ ಮುಂದೆ ಇಡ್ತೀಯೇನೇ ಎಂದು ಕೊಟ್ರಮ್ಮ ಬೀದಿಯಲ್ಲಿ ಕೂಗಿದ್ದಳು. ಬೇರೆ ಯಾರ ಮನೆಯ ವಿಷಯವಾಗಿದ್ದರೂ ದುಗ್ಗೇಶ ಇಷ್ಟನ್ನೇ ಇಟ್ಟುಕೊಂಡು ಕೇಸು ಕಟ್ಟುತ್ತಿದ್ದ. ಹಾಗೆ ಎಷ್ಟು ಕಟ್ಟಿದ್ದೇನೆ ಎಂಬ ಯೋಚನೆಯೂ ಬಂತು. ಅದನ್ನು ಬದಿಗೆ ತಳ್ಳಿದ.

ಭಾನುವಾರ ಮಧ್ಯಾಹ್ನ ತ್ರಿವೇಣಿ ಬಟ್ಟೆ ಒಣಗಿಸಲು ಮಾಳಿಗೆಗೆ ಹೋದಾಗ, ಇಲಾಖೆಯ ಪರೀಕ್ಷೆ ಪಟ್ಟಿಯನ್ನು ಅಡುಗೆಕೋಣೆಯ ಬಾಗಿಲಲ್ಲಿದ್ದ ಕಾಲೊರಸಿನ ಕೆಳಗೆ ಹಾಸಿದ. ಅದೂ ನೆಲಗಿವಿಯೇ, ಚಾಪೆಯಂತೆ ಸುತ್ತಿ ಒಯ್ಯಬಹುದಾದದ್ದು. ಪತ್ರಿಕೆ ಹಿಡಿದು ಕೂತ. ಅವಳು ಹಾದುಹೋದಾಗಲೆಲ್ಲ ಅವನ ಕೈಯ ಫೋನು ಸಣ್ಣಗೆ ನಡುಗುತ್ತಿತ್ತು. ಹದಿನಾಲ್ಕು ಸಲ ಹಾದಳು. ಹದಿನಾಲ್ಕು ಸಲವೂ ಅದೇ ಸಂಖ್ಯೆ, ವಿಂಗಡಣೆ ಕೋಣೆಯ ಬಾಗಿಲಲ್ಲಿ ಒಂಬತ್ತು ಸೆಕೆಂಡು ನಿಂತವಳ ಸಂಖ್ಯೆ.

"ಏನ್ರೀ, ಒಂದೇ ಹಾಳೆ ಎಷ್ಟೊತ್ತು ಓದ್ತೀರಿ?" ಎಂದಳು ಅವಳು.

ಅವನು ಹಾಳೆ ತಿರುವಿದ.

ಮುಂದಿನ ಒಂದು ತಾಸು ಅವನು ಹೆಂಡತಿಯನ್ನು ಹೇಗೆ ಉಳಿಸಬೇಕೆಂದು ಯೋಚಿಸಿದನೇ ಹೊರತು, ಅವಳು ಮಾಡಿದ್ದಾಳೆಯೇ ಎಂದು ಯೋಚಿಸಲಿಲ್ಲ. ಯಂತ್ರ ಆ ಪ್ರಶ್ನೆಯನ್ನು ಮುಗಿಸಿಬಿಟ್ಟಿತ್ತು. ಪಟ್ಟಿ ಸುಟ್ಟುಹಾಕಬೇಕು, ಅವಳನ್ನು ತವರಿಗೆ ಕಳಿಸಬೇಕು, ಅವಳ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳಬೇಕು. ಹೀಗೆ ಎಣಿಸುತ್ತಿದ್ದಾಗ ಫೋನು ಮತ್ತೆ ನಡುಗಿತು. ಅದೇ ಸಂಖ್ಯೆ. ತಲೆಯೆತ್ತಿ ನೋಡಿದ. ತ್ರಿವೇಣಿ ಇನ್ನೊಂದು ಬಕೀಟು ಬಟ್ಟೆ ಹೊತ್ತು ಮತ್ತೆ ಮಾಳಿಗೆಗೆ ಹೋಗಿದ್ದಳು. ಕಾಲೊರಸು ದಾಟಿ ಬಂದವಳು ಅವನ ತಾಯಿ ಹೊನ್ನಮ್ಮ, ಅರವತ್ತಾರರ ಮುದುಕಿ, ಕೈಯಲ್ಲಿ ಮಜ್ಜಿಗೆಯ ಲೋಟ.

"ಯವ್ವಾ, ಇನ್ನೊಂದ್ಸಲ ಹೋಗಿ ಬಾ," ಎಂದ.

"ಎಲ್ಲಿಗೆ?"

"ಒಳಕ್ಕೆ. ಹೋಗಿ ಬಾ."

"ಬಿಸಲಾಗ ತಲಿ ಕೆಟ್ಟೈತೇನಲೇ," ಎನ್ನುತ್ತ ಮುದುಕಿ ಒಳಗೆ ಹೋಗಿ ಬಂದಳು. ಅದೇ ಸಂಖ್ಯೆ.

ಶುಕ್ರವಾರ ಮಧ್ಯಾಹ್ನ ಹೊನ್ನಮ್ಮ ಬಾಪೂಜಿನಗರದ ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದಳು. ಕರೆದುಕೊಂಡು ಹೋಗಿದ್ದವನು ಅವನೇ.

ದುಗ್ಗೇಶ ಕಾಲೊರಸು ಎತ್ತಿ ಪಟ್ಟಿಯನ್ನು ಹೊರಗೆಳೆದ. ಮಾಳಿಗೆಯಿಂದ ಇಳಿದು ಬಂದ ತ್ರಿವೇಣಿ ಅದನ್ನು ನೋಡಿದಳು. ಅದೇನೆಂದು ಕೇಳಲಿಲ್ಲ. ಇನ್‌ಸ್ಪೆಕ್ಟರನ ಹೆಂಡತಿಗೆ ಅದು ಗೊತ್ತಿತ್ತು. ಖಾಲಿ ಬಕೀಟು ಕೆಳಗಿಟ್ಟು ಅವನ ಎದುರು ಕೂತಳು.

"ಕೇಳಬೋದಿತ್ತಲ್ಲ," ಎಂದಳು.

"ಕೇಳ್ದೆ. ರೇಷನ್ ಅಂಗಡಿ ಅಂದಿ."

ಆಗ ಎಲ್ಲ ಹೊರಬಿತ್ತು. ಹತ್ತಿ ಗಿರಣಿಗಳ ಕಾಲದಿಂದ ಆ ಊರಿನಲ್ಲಿ ಬದಲಿ ಎಂಬುದೊಂದು ಇದೆ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಅವರ ಹೆಸರಿನಲ್ಲಿ ಇನ್ನೊಬ್ಬರು ಹೋಗಿ ದುಡಿದು ಬರುವುದು. ಒಂದು ದಿನ ತಪ್ಪಿದರೆ ಕೆಲಸವೇ ಹೋಗುವ ಕಡೆ ಜನ ತಾವೇ ಕಟ್ಟಿಕೊಂಡ ರಜೆ ಅದು. ಗೆಳತಿ ಹನುಮವ್ವನಿಗೆ ಜ್ವರ ಬಂದಾಗಲೆಲ್ಲ ತ್ರಿವೇಣಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದಳು. ಐದು ವರ್ಷಗಳಿಂದ ಗಂಡನಿಗೆ ಹೇಳಿರಲಿಲ್ಲ. ಶುಕ್ರವಾರವೂ ಹೋಗಿದ್ದಳು. ಊಟಕ್ಕೆ ಮುಂಚಿನ ಕೊನೆಯ ಟ್ರೇಯನ್ನು ಬಾಗಿಲ ಪಕ್ಕದ ಕಿಂಡಿಯಲ್ಲಿ ಇಳಿಸಿದವಳು ಅವಳೇ. ಟ್ರೇ ಇಳಿಸಲು ಒಂಬತ್ತು ಸೆಕೆಂಡು ಬೇಕು.

"ನಾನು ತಿರುಗಿ ನಾಲ್ಕು ಹೆಜ್ಜೆ ಬಂದಿದ್ದೆ. ಹಿಂದೆ ಅಗುಳಿ ಬಿದ್ದ ಸದ್ದಾತು. ದಿನಾ ಬೀಳೋದೇ ಅಲ್ಲಾ ಅಂತ ತಿರುಗಿ ನೋಡ್ಲಿಲ್ಲ," ಎಂದಳು ತ್ರಿವೇಣಿ.

ದಿನಾ ಹೇಗೆ ಬೀಳುತ್ತದೆ ಎಂದು ದುಗ್ಗೇಶ ಕೇಳಿದ. ಉತ್ತರ ಕೊಟ್ಟವಳು ಅದೇ ಅಂಗಳದಲ್ಲಿ ಟ್ರೇ ಹೊತ್ತು ಮುದುಕಿಯಾದ ಹೊನ್ನಮ್ಮ. ಊಟದ ಹೊತ್ತಿಗೆ ಯಾರೂ ತಾಮ್ರದ ಚೂರು ಮಡಿಲಲ್ಲಿಟ್ಟುಕೊಂಡು ಹೊರಗೆ ಹೋಗದಿರಲಿ ಎಂದು ಅಗುಳಿ ಬೀಳಿಸುತ್ತಾರೆ. ಅದರ ಗುಂಡಿ ಇರುವುದು ಮ್ಯಾನೇಜರನ ಕೋಣೆಯ ಗೋಡೆಯಲ್ಲಿ. ತಾನು ಸೇರಿದ ವರ್ಷದಿಂದಲೂ ಹಾಗೆಯೇ. ಅದನ್ನು ತೆಗೆಸಿ ಎಂದು ಹೋದ ವರ್ಷ ಅರ್ಜಿ ಬರೆಸಿಕೊಟ್ಟವಳು ಹನುಮವ್ವ.

ಶನಿವಾರ ಮ್ಯಾನೇಜರನ ಕೋಣೆಗೆ ಹೋಗಿದ್ದು ದುಗ್ಗೇಶನಿಗೆ ನೆನಪಾಯಿತು. ಅಗುಳಿ ಕೈಯಿಂದಲೇ ಹಾಕುವಂಥದ್ದು, ಬೇರೆ ಗುಂಡಿಗಿಂಡಿ ಯಾವುದೂ ಇಲ್ಲ ಎಂದು ಮ್ಯಾನೇಜರ್ ತಾನಾಗಿಯೇ ಹೇಳಿದ್ದ. ಗೋಡೆಯಿಂದ ಹೊಸ ಬಣ್ಣದ ವಾಸನೆ ಬರುತ್ತಿತ್ತು. ಅಗುಳಿ ಬಿದ್ದ ಹೊತ್ತನ್ನು ಬರೆದಿಡುವ ಬಾಗಿಲ ಗಡಿಯಾರಕ್ಕೂ ನೆಲದ ಗಡಿಯಾರಕ್ಕೂ ಅರ್ಧ ನಿಮಿಷದ ವ್ಯತ್ಯಾಸ ಇದ್ದುದರಿಂದ, ಅಗುಳಿ ಬಿದ್ದದ್ದು ಅವಳು ನಿಂತಿದ್ದಾಗಲೋ ಹೋದಮೇಲೋ ಎಂದು ಯಂತ್ರಗಳು ಹೇಳುವಂತಿರಲಿಲ್ಲ. ಮ್ಯಾನೇಜರನ ಕೋಣೆಯ ಕಡೆ ನೆಲಗಿವಿ ಹಾಸಿರಲೇ ಇಲ್ಲ. ಕಾಯಿದೆಯಲ್ಲಿ ಕೆಲಸಗಾರರು ಓಡಾಡುವ ಜಾಗ ಎಂದಷ್ಟೇ ಬರೆದಿತ್ತು.

"ಅದೆಲ್ಲಾ ಇರ್ಲಿ. ನಿಮ್ಮಿಬ್ರದ್ದೂ ಒಂದೇ ನಡಿಗೆ ಹೆಂಗಾತು?" ಎಂದ ದುಗ್ಗೇಶ.

ಹೊನ್ನಮ್ಮ ನಕ್ಕಳು.

"ಇವಳ್ನ ಹದಿನೆಂಟು ದಿನ ನನ್ ಬೆನ್ನಿಂದೆ ನಡಸೀನಿ. ನೆಲಕ್ಕ ಬೂದಿ ಹಾಸಿ, ತಲಿ ಮ್ಯಾಲೆ ಟ್ರೇ ತುಂಬಾ ನೀರಿಟ್ಟು. ನನ್ ಹೆಜ್ಜಿ ಮ್ಯಾಲೇ ಹೆಜ್ಜಿ ಇಡ್ಬೇಕು. ಬೂದ್ಯಾಗ ಎರಡು ಹೆಜ್ಜಿ ಕಂಡ್ವು ಅಂದ್ರ ಮತ್ತ ಮೊದ್ಲಿಂದ. ನಮ್ಮತ್ತಿ ನನಗ ಹಂಗೇ ಕಲಿಸಿದ್ಲು. ಕುಣದು ನಡಿಯೋರು ಸುಟ್ಕಂಡು ಸತ್ರು. ಸಾಯಬಾರದು ಅಂತ ಎಲ್ರಿಗೂ ಒಂದೇ ಕಾಲು ಕೊಟ್ವಿ."

ಸೋಮವಾರ ದುಗ್ಗೇಶ ತಾಯಿಯ, ಹೆಂಡತಿಯ ನಡಿಗೆಯ ಎರಡು ದಾಖಲೆಗಳನ್ನು ಹೆಸರಿಲ್ಲದೆ ಡಾ. ಕೆರೂರರ ಮೇಜಿನ ಮೇಲಿಟ್ಟ. ಅವರು ಯಂತ್ರಕ್ಕೆ ತೋರಿಸಿ, ಎರಡೂ ಒಬ್ಬರದೇ ಎಂದರು. ಒಬ್ಬರಿಗೆ ಅರವತ್ತಾರು, ಇನ್ನೊಬ್ಬರಿಗೆ ಮೂವತ್ತೆಂಟು ಎಂದು ಅವನು ಹೇಳಿದಾಗ ಅವರು ನಂಬಲಿಲ್ಲ. ಪಟ್ಟಿ ಕೆಟ್ಟಿರಬೇಕೆಂದು ಬೇರೆ ಪಟ್ಟಿ ತಂದರು. ಅವನು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕೆಲಸದ ಹೆಂಗಸರ ಕೇರಿಗೆ ಕರೆದೊಯ್ದ. ನಲ್ಲಿಯ ಬಳಿ ಪಟ್ಟಿ ಹಾಸಿದರು. ಕೊಡ ಹೊತ್ತು ಏಳು ಜನ ದಾಟಿದರು. ಏಳು ಸಲ ಒಂದೇ ಸಂಖ್ಯೆ.

ಡಾ. ಕೆರೂರ ಚರಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಕೆಟ್ಟ ಹೆಂಗಸಲ್ಲ ಆಕೆ. ಹದಿನೆಂಟು ವರ್ಷ ಈ ಯಂತ್ರಕ್ಕೆ ಕೊಟ್ಟಿದ್ದರು.

"ನಲವತ್ತು ಸಾವಿರ ಜನರ ನಡಿಗೆಯ ಮೇಲೆ ಕಲಿಸಿದ್ವಿ. ಇಬ್ಬರದು ಒಂದೇ ಥರ ಬರಲಿಲ್ಲ," ಎಂದರು.

"ಯಾರ ನಡಿಗೆ ಮೇಡಂ ಅವು?"

ಆ ನಡಿಗೆಗಳು ಮೂವತ್ತು ವರ್ಷ ಹಳೆಯವು. ೨೦೨೫ರ ಆಸುಪಾಸಿನಲ್ಲಿ ಜನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಫೋನುಗಳು ಅವರ ಹೆಜ್ಜೆ ಎಣಿಸುತ್ತಿದ್ದವು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಮುಗಿಸಿದೆ ಎಂದು ಅವರು ಒಬ್ಬರಿಗೊಬ್ಬರು ತೋರಿಸಿಕೊಂಡು ಸಂತೋಷಪಡುತ್ತಿದ್ದರು. ಒಪ್ಪಿಗೆ ಎಂಬಲ್ಲಿ ಬೆರಳೊತ್ತಿ ಮರೆತಿದ್ದರು. ಬೆಳಗಿನ ಪಾರ್ಕುಗಳಲ್ಲಿ, ಕಾಲೇಜುಗಳ ಹಾದಿಗಳಲ್ಲಿ ಖಾಲಿ ಕೈಯಲ್ಲಿ ನಡೆದವರ ಹೆಜ್ಜೆಗಳು ಅವು. ಇಟ್ಟಿಗೆ ಹೊತ್ತವರು, ಮಲ ಬಳಿದವರು, ಜಲ್ಲಿ ಹೊತ್ತವರು ಅದರಲ್ಲಿರಲಿಲ್ಲ. ಅವರ ಫೋನು ಕೆಲಸದ ಹೊತ್ತಿನಲ್ಲಿ ಊಟದ ಗಂಟಿನ ಜೊತೆ ಗಿಡದ ಕೊಂಬೆಗೆ ನೇತಾಡುತ್ತಿತ್ತು. ಮನುಷ್ಯ ಹೇಗೆ ನಡೆಯುತ್ತಾನೆಂದು ಯಂತ್ರ ಕಲಿತದ್ದು ಹೀಗೆ. ಅದರಲ್ಲಿ ಮನುಷ್ಯರೇ ಕಡಿಮೆ ಬಿದ್ದಿದ್ದರು, ಯಾರೂ ಎಣಿಸಿ ನೋಡಿರಲಿಲ್ಲ.

"ಇದನ್ನ ಬರೆದು ಕೊಡ್ರಿ," ಎಂದ ದುಗ್ಗೇಶ.

ಅವರು ಬರೆದರು. ಅವರ ಸಂಸ್ಥೆಯ ನಿರ್ದೇಶಕರು ಅದನ್ನು ತಡೆದಿಟ್ಟರು. ಜೈಲಿನಲ್ಲಿರುವ ಆರುನೂರು ಜನರ ಕತೆ ಏನಾಗಬೇಕು ಎಂದು ಕೇಳಿದರಂತೆ. ಮಂಗಳವಾರ ಡಾ. ಕೆರೂರ ಫೋನು ಮಾಡಿ, ಗುರುವಾರ ಮ್ಯಾಜಿಸ್ಟ್ರೇಟರ ಎದುರು ಹಾಜರಿ ಪುಸ್ತಕದ ಮೂವತ್ತೊಂದು ಹೆಂಗಸರನ್ನೂ ನೆಲಗಿವಿ ಪಟ್ಟಿಯ ಮೇಲೆ ನಡೆಸುತ್ತಾರಲ್ಲ, ಎಲ್ಲರೂ ತಮ್ಮ ನಡಿಗೆಯಲ್ಲೇ ನಡೆದರೆ ಸಾಕು, ಯಂತ್ರ ಮೂವತ್ತೊಂದು ಸಲ ಒಂದೇ ಸಂಖ್ಯೆ ಹೇಳುತ್ತದೆ, ಯಾರ ವರದಿಯೂ ಬೇಕಾಗುವುದಿಲ್ಲ ಎಂದರು.

"ನಡೀದಿದ್ರೆ?"

"ನಡಿಗೆ ಬದಲಿಸಿದವರು ಪಾರಾಗ್ತಾರೆ. ಬದಲಿಸದೆ ಉಳಿದ ಒಬ್ಬಳು ಸಿಕ್ಕಿಬೀಳ್ತಾಳೆ."

ಬುಧವಾರ ಎಸ್‌ಪಿ ಕರೆಸಿದರು. ಮ್ಯಾನೇಜರನ ಕೋಣೆಯ ಹೊಸ ಬಣ್ಣದ ವಿಷಯ ಕೇಳಿ, ಗೋಡೆಗೆ ಬಣ್ಣ ಬಳಿಯುವುದು ಯಾವ ಸೆಕ್ಷನ್ನಿನಲ್ಲಿ ಅಪರಾಧ ಎಂದರು. ಆರೋಪಿ ಹನುಮವ್ವನೇ ಎಂದು ಅವರಿಗೆ ಆಗಲೇ ತಿಳಿದುಹೋಗಿತ್ತು. ಅಗುಳಿಯ ಬಗ್ಗೆ ಅರ್ಜಿ ಕೊಟ್ಟು ಕೇಳಿಸಿಕೊಳ್ಳದಿದ್ದಾಗ ಸಿಟ್ಟಿನಿಂದ ತಾನೇ ಅಗುಳಿ ಹಾಕಿದಳು ಎಂಬುದು ಕತೆ. ನಾಳೆಯ ನಡಿಗೆಯಲ್ಲಿ ಅದು ಸಾಬೀತಾಗುತ್ತದೆ ಎಂದರು. ಅಷ್ಟು ಖಾತ್ರಿ ಹೇಗೆ ಎಂದು ದುಗ್ಗೇಶ ಕೇಳಲಿಲ್ಲ. ಹೊರಡುವಾಗ ಎಸ್‌ಪಿ ತಲೆಯೆತ್ತದೆ ಹೇಳಿದರು.

"ನಿಮ್ಮನೆಯವರೂ ಮೊದಲು ಅಲ್ಲೇ ಇದ್ರಂತೆ. ಪುಸ್ತಕದಲ್ಲಿ ಹೆಸರಿಲ್ಲ, ಒಳ್ಳೇದಾಯ್ತು. ಇಲ್ಲದ್ದು ಇಲ್ಲದಂಗೇ ಇರ್ಲಿ ದುಗ್ಗೇಶ್. ಮಗಳು ಎಷ್ಟನೇ ಕ್ಲಾಸು?"

ಆರನೆಯದು ಎಂದ ದುಗ್ಗೇಶ. ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟ. ಆ ಮೆಟ್ಟಿಲಿಗೂ ನೆಲಗಿವಿ ಹಾಸಿತ್ತು.

ಗುರುವಾರ ಬೆಳಿಗ್ಗೆ ಅವನು ಅಡುಗೆಕೋಣೆಯ ಬಾಗಿಲಲ್ಲಿ ನಿಂತಾಗ ತ್ರಿವೇಣಿ ಹೊರಡುವ ಸೀರೆ ಉಟ್ಟು ಮಗಳ ಡಬ್ಬಿ ತುಂಬುತ್ತಿದ್ದಳು. ಎಲ್ಲಿಗೆ ಎಂದು ಕೇಳಿದ. ಕೋರ್ಟಿಗೆ ಎಂದಳು. ಹನುಮವ್ವನ ಮನೆಗೆ ಹೋಗಿ ಬಂದಿದ್ದೆ, ಅವಳು ಶುಕ್ರವಾರ ತಾನೇ ಕೆಲಸಕ್ಕೆ ಹೋಗಿದ್ದು ಅಂತ ಹೇಳಲು ತಯಾರಾಗಿ ಕೂತಿದ್ದಾಳೆ, ನನ್ನ ಹೆಸರು ಬಾಯಿ ಬಿಡುವುದಿಲ್ಲವಂತೆ ಎಂದಳು. ಹಾಗೇ ಇನ್ನೊಂದು ವಿಷಯ ಹೇಳಿದಳು. ಮೇಸ್ತ್ರಿ ಒಬ್ಬೊಬ್ಬಳನ್ನೇ ಬೇರೆ ಬೇರೆ ಕರೆದು, ನಿನ್ನೊಬ್ಬಳನ್ನು ಉಳಿಸುತ್ತೇನೆ, ಯಾರಿಗೂ ಹೇಳಬೇಡ ಎಂದು ಚಪ್ಪಲಿಯಲ್ಲಿ ಇಟ್ಟುಕೊಳ್ಳಲು ಒಂದೊಂದು ಜಲ್ಲಿಕಲ್ಲು ಕೊಟ್ಟಿದ್ದ. ಕಲ್ಲು ಒತ್ತಿದರೆ ಕಾಲು ಕುಂಟುತ್ತದೆ, ಸಂಖ್ಯೆ ಬದಲಾಗುತ್ತದೆ. ಎರಡು ದಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಿನ್ನೆ ನಲ್ಲಿಯ ಬಳಿ ತ್ರಿವೇಣಿ ಕೈ ಬಿಚ್ಚಿರಿ ಎಂದಳು. ಮೂವತ್ತು ಅಂಗೈಯಲ್ಲಿ ಮೂವತ್ತು ಕಲ್ಲು. ಹನುಮವ್ವನಿಗೆ ಮಾತ್ರ ಕೊಟ್ಟಿರಲಿಲ್ಲ.

"ಬಿಸಾಕಿದ್ರಾ?" ಎಂದ ದುಗ್ಗೇಶ.

"ಕೆಲವರು ಬಿಸಾಕಿದ್ರು. ಕೆಲವರು ಸೆರಗಿಗೆ ಕಟ್ಕಂಡು ಹೋದ್ರು. ಮಕ್ಕಳದಾವೆ ಅವರಿಗೂ."

"ಅದಕ್ಕೇ ಹೇಳ್ತಿರೋದು. ಎಷ್ಟು ಜನ ಕುಂಟ್ತಾರೋ ಯಾರಿಗ್ ಗೊತ್ತು? ನಿನ್ ಹೆಸ್ರು ಎಲ್ಲೂ ಇಲ್ಲ. ಮನೇಲಿರು. ಹನುಮವ್ವನ ಕೇಸು ಆಮೇಲೆ ನಾನು ನೋಡ್ಕತೀನಿ."

"ಜೈಲಿಗೆ ಹೋದ ಮ್ಯಾಲೇನು?"

ಅವನು ಬಾಗಿಲಿನಿಂದ ಸರಿಯಲಿಲ್ಲ. ಬಾಗಿಲ ಹತ್ತಿರ ಇದ್ದೆ ಎಂದು ನೀನೇ ಒಪ್ಪಿಕೊಂಡ ಹಾಗಾಗುತ್ತದೆ, ಅಗುಳಿ ತಾನೇ ಬಿದ್ದದ್ದನ್ನು ಕೇಳಿದವಳು ನೀನೊಬ್ಬಳೇ, ಆ ಮಾತನ್ನು ಯಾರೂ ನಂಬದಿದ್ದರೆ ನಾಲ್ಕು ಕೊಲೆ ನಿನ್ನ ತಲೆಯ ಮೇಲೆ ಬರುತ್ತದೆ ಎಂದು ವಿವರಿಸಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥವು ಹೇಗೆ ಮುಗಿಯುತ್ತವೆ ಎಂದು ನೋಡಿದ್ದೇನೆ ಎಂದ. ಕೊನೆಗೆ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಹೋಗ್ಲೇಬೇಕು ಅಂದ್ರೆ ಒಂದ್ ಕೆಲಸ ಮಾಡು," ಎಂದ, ದನಿ ತಗ್ಗಿಸಿ. "ಅಲ್ಲಿ ಏನೂ ಮಾತಾಡಬ್ಯಾಡ. ಆ ಪಟ್ಟಿ ಮ್ಯಾಲೆ ಬೇರೆ ಥರ ನಡಿ. ಹಿಮ್ಮಡಿ ಊರಿ, ಸ್ವಲ್ಪ ಕುಣದಂಗೆ. ನಾನು ತೋರಸ್ತೀನಿ, ಐದೇ ನಿಮಿಷ. ನಮಗೋಸ್ಕರ."

ಒಳಗಿನಿಂದ ಹೊನ್ನಮ್ಮ ಕೆಮ್ಮಿದಳು. ತ್ರಿವೇಣಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ಸದ್ದು ಕೇಳಿದ್ದು ನಾನು. ತಿರುಗಿ ನೋಡದೆ ಬಂದದ್ದೂ ನಾನು," ಎಂದಳು. "ಅಲ್ಲಿ ಅದನ್ನ ಹೇಳ್ತೀನಿ. ನನ್ ಹೆಸ್ರು ಹೇಳಿ, ನಾನು ಹೆಂಗ್ ನಡೀತೀನೋ ಹಂಗೇ ನಡೀತೀನಿ. ನಾನು ಕುಂಟಲ್ಲ ಕಣ್ರೀ. ದಾರಿ ಬಿಡ್ರಿ."